ಹಳೆ ಕಾರಿನಲ್ಲಿ ಕಂಬಂ ಕಣಿವೆಗೆ: ಎಂಜಿನ್ ಎಲ್ಲಿ ಕಾಯುತ್ತದೆ ನೋಡಿ, ಏನು ಕೆಟ್ಟಿದೆ ಗೊತ್ತಾಗುತ್ತದೆ

ಬೆಂಗಳೂರು ಬಿಟ್ಟು ಹೊಸೂರು, ಧರ್ಮಪುರಿ ದಾಟಿ, ತೊಪ್ಪೂರು ಘಾಟಿ ಇಳಿದುಬಿಟ್ಟರೆ ದಿಂಡಿಗಲ್‌ವರೆಗೆ ಹಳೆ ಕಾರಿಗೂ ದಾರಿ ಸಲೀಸು. ರಾಷ್ಟ್ರೀಯ ಹೆದ್ದಾರಿ 44 ಅಗಲವಾಗಿದೆ, ಏರು ಕಡಿಮೆ, ಎದುರಿನಿಂದ ಗಾಳಿ ಸಿಗುತ್ತದೆ. ದಿಂಡಿಗಲ್‌ನಲ್ಲಿ ಪಶ್ಚಿಮಕ್ಕೆ ತಿರುಗಿದ ಮೇಲೆ ಕಾರಿನ ನಿಜವಾದ ಆರೋಗ್ಯ ಹೊರಬೀಳುತ್ತದೆ. ಬಟ್ಲಗುಂಡು, ಪೆರಿಯಕುಳಂ, ತೇನಿ, ಚಿನ್ನಮನೂರು, ಉತ್ತಮಪಾಳಯಂ, ಕಂಬಂ, ಗೂಡಲೂರು, ಲೋವರ್ ಕ್ಯಾಂಪ್, ಅಲ್ಲಿಂದ ಘಾಟಿ ಹತ್ತಿದರೆ ಕುಮಳಿ. ಬಯಲಿನ ಓಟ, ಪೇಟೆಯ ನಿಲುಗಡೆ, ಬೆಟ್ಟದ ಏರು, ಈ ಮೂರೂ ನೂರೈವತ್ತು ಕಿಲೋಮೀಟರಿನೊಳಗೆ ಒಂದರ ಹಿಂದೊಂದು ಬರುತ್ತವೆ.

ಕರ್ನಾಟಕದಿಂದ ಈ ದಾರಿ ಹಿಡಿಯುವವರು ಬಹಳ ಮಂದಿ. ಕಾರ್ತಿಕದಿಂದ ಮಕರ ಸಂಕ್ರಾಂತಿಯವರೆಗೆ ಅಯ್ಯಪ್ಪ ಮಾಲೆ ಹಾಕಿದವರು, ಬೇಸಿಗೆಯಲ್ಲಿ ಕೊಡೈಕೆನಾಲ್, ಮುನ್ನಾರ್, ತೇಕ್ಕಡಿಗೆ ಹೊರಟವರು. ಕಂಬಂ ಕಣಿವೆಯಲ್ಲಿ ತಲೆತಲಾಂತರದಿಂದ ನೆಲೆಸಿರುವ ಒಕ್ಕಲಿಗ ಕಾಪ್ಪಿಲಿಯರ್ ಮತ್ತು ಅನುಪ್ಪರ್ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಹೀಗೆ ಈ ದಾರಿಯಲ್ಲಿ ಓಡಾಡುವವರಲ್ಲಿ ಅನೇಕರ ಬಳಿ ಇರುವುದು ಹೊಸ ಗಾಡಿಯಲ್ಲ. ಮಾರುತಿ 800, ಓಮ್ನಿ, ಝೆನ್, ಇಂಡಿಕಾ, ಕ್ವಾಲಿಸ್, ಅಲ್ಲೊಂದು ಇಲ್ಲೊಂದು ಅಂಬಾಸಡರ್. ಮಾರುತಿ 800 ಮತ್ತು ಅಂಬಾಸಡರ್ ಎರಡರ ತಯಾರಿಕೆಯೂ 2014ರಲ್ಲೇ ನಿಂತಿತು. ಅಂದರೆ ಈ ಎರಡರಲ್ಲಿ ಅತಿ ಕಿರಿಯದಕ್ಕೂ ಹತ್ತು ವರ್ಷ ದಾಟಿದೆ. ಇಂಥ ಗಾಡಿ ಘಾಟಿ ಹತ್ತಬಾರದು ಎಂದೇನಿಲ್ಲ. ಏಲಕ್ಕಿ ತೋಟದ ಕೂಲಿಯವರನ್ನು ತುಂಬಿಕೊಂಡು ಇದೇ ಕಣಿವೆಯಿಂದ ದಿನಾ ಬೆಳಿಗ್ಗೆ ಇಡುಕ್ಕಿಗೆ ಏರುವ ಜೀಪುಗಳು ಅದಕ್ಕಿಂತ ಹಳೆಯವು. ಅವುಗಳ ಚಾಲಕರು ನೀರು, ಬೆಲ್ಟು, ಹೋಸುಗಳನ್ನು ದಿನವೂ ನೋಡುತ್ತಾರೆ. ನಾವು ನೋಡುವುದಿಲ್ಲ. ವ್ಯತ್ಯಾಸ ಇರುವುದು ಅಲ್ಲಿಯೇ.

ಎಂಜಿನ್‌ನಲ್ಲಿ ಉರಿಯುವ ಪೆಟ್ರೋಲಿನ ಶಾಖದಲ್ಲಿ ಹೆಚ್ಚೆಂದರೆ ಮೂರನೇ ಒಂದು ಭಾಗ ಚಕ್ರ ತಿರುಗಿಸಲು ಬಳಕೆಯಾಗುತ್ತದೆ. ಸುಮಾರು ಅಷ್ಟೇ ಶಾಖ ಸೈಲೆನ್ಸರಿನಲ್ಲಿ ಹೊರಹೋಗುತ್ತದೆ. ಉಳಿದದ್ದನ್ನು ನೀರು ಹೊತ್ತು ರೇಡಿಯೇಟರಿಗೆ ತಂದು ಗಾಳಿಗೆ ಬಿಡಬೇಕು. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಹತ್ತುವಾಗ ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಮುಂದಿನಿಂದ ಗಾಳಿಯೇ ಇರುವುದಿಲ್ಲ. ಬಯಲಿನಲ್ಲಿ ಅಡಗಿದ್ದ ಸಣ್ಣ ದೋಷ ಅಲ್ಲಿ ದೊಡ್ಡದಾಗುತ್ತದೆ. ಹಾಗಾಗಿ ಕಾರು ಕಾಯಿತು ಎಂದೊಡನೆ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಒಂದೇ: ಯಾವ ಸ್ಥಿತಿಯಲ್ಲಿ ಕಾಯಿತು?

ಬಯಲಿನ ಓಟದಲ್ಲಿ ಕಾದರೆ

ದಿಂಡಿಗಲ್‌ನಿಂದ ತೇನಿಯ ಕಡೆ ಎಪ್ಪತ್ತು ಎಂಬತ್ತರ ವೇಗದಲ್ಲಿ ಓಡುವಾಗ ಶಾಖ ತೋರಿಸುವ ಮುಳ್ಳು ಮೇಲೇರಿ, ನಿಧಾನ ಮಾಡಿದರೆ ಕೆಳಗಿಳಿಯುತ್ತದೆ ಎಂದುಕೊಳ್ಳಿ. ಫ್ಯಾನ್ ಮೇಲೆ ಅನುಮಾನ ಬೇಡ. ಆ ವೇಗದಲ್ಲಿ ಬರುವ ಗಾಳಿಯ ಮುಂದೆ ಫ್ಯಾನಿನ ಕೆಲಸ ಏನೂ ಇಲ್ಲ. ನೀರು ಸಾಕಷ್ಟು ಹರಿಯುತ್ತಿಲ್ಲ, ಇಲ್ಲವೇ ಹರಿದ ನೀರು ಶಾಖ ಬಿಡುತ್ತಿಲ್ಲ.

ಹೊರಗಿನಿಂದ ಶುರುಮಾಡಿ. ರೇಡಿಯೇಟರಿನ ತೆಳು ಫಿನ್‌ಗಳ ನಡುವೆ ಕೀಟ, ಧೂಳು, ಹೊಟ್ಟು ಮೆತ್ತಿಕೊಂಡಿರುತ್ತದೆ. ಭತ್ತದ ಸೀಮೆಗಳಲ್ಲಿ ಕೊಯ್ಲಿನ ಕಾಲಕ್ಕೆ ರಸ್ತೆ ಮೇಲೆ ಹರಡಿದ ಹುಲ್ಲು ಹೊಟ್ಟಿನ ಮೇಲೆ ಗಾಡಿ ಹಾಯುವುದು ಸಾಮಾನ್ಯ, ಕಂಬಂ ಕಣಿವೆ ಅಂಥ ಸೀಮೆಯೇ. ಎ.ಸಿ. ಇರುವ ಕಾರಿನಲ್ಲಿ ಮುಂದಿನ ಕಂಡೆನ್ಸರಿಗೂ ಹಿಂದಿನ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಕಸ ಕೂತಿದ್ದರೆ ಎದುರಿನಿಂದ ನೋಡಿದಾಗ ಕಾಣುವುದೇ ಇಲ್ಲ. ಎಂಜಿನ್ ತಣ್ಣಗಿದ್ದಾಗ, ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರನ್ನು ಹತ್ತಿರದಿಂದ ಹೊಡೆಸಿದರೆ ಫಿನ್‌ಗಳು ಮಲಗಿ, ಇದ್ದ ದಾರಿಯೂ ಮುಚ್ಚುತ್ತದೆ.

ಒಳಗೆ ಕಟ್ಟಿಕೊಂಡದ್ದು ಕಷ್ಟದ ವಿಷಯ. ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದ ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣ ಕಟ್ಟಿರುತ್ತದೆ. ನಮ್ಮ ಕೋಲಾರ, ತುಮಕೂರಿನ ನೀರಿನ ಹಾಗೆಯೇ ದಿಂಡಿಗಲ್ ಸುತ್ತಿನ ಬೋರ್ ನೀರೂ ಗಡಸು. ಪರೀಕ್ಷೆ ಸುಲಭ. ಹದವಾಗಿ ಕಾದ ಎಂಜಿನ್ ಆಫ್ ಮಾಡಿ, ಬ್ಯಾಟರಿಯ ಒಂದು ತಂತಿ ಕಳಚಿ, ರೇಡಿಯೇಟರಿನ ಮೈಮೇಲೆ ಅಂಗೈ ಎಚ್ಚರಿಕೆಯಿಂದ ಆಡಿಸಿ. ತಂತಿ ಕಳಚುವುದನ್ನು ಮರೆಯಬೇಡಿ, ಕೆಲವು ಕಾರುಗಳಲ್ಲಿ ಬೀಗದ ಕೈ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗುತ್ತದೆ. ಅಕ್ಕಪಕ್ಕ ಬಿಸಿಯಿದ್ದು ನಡುವೆ ಒಂದು ಪಟ್ಟಿ ತಣ್ಣಗಿದ್ದರೆ ಅಲ್ಲಿನ ಕೊಳವೆಗಳಲ್ಲಿ ನೀರು ಓಡುತ್ತಿಲ್ಲ. ತಾಮ್ರ ಹಿತ್ತಾಳೆಯ ಹಳೆ ರೇಡಿಯೇಟರಾದರೆ ರೇಡಿಯೇಟರ್ ಕೆಲಸದವರು ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ, ಕೊಳವೆಗಳಲ್ಲಿ ಸರಳು ಆಡಿಸಿ ಕೊಡುತ್ತಾರೆ. ಅಲ್ಯೂಮಿನಿಯಂ ಮೈ, ಪ್ಲಾಸ್ಟಿಕ್ ಟ್ಯಾಂಕಿನದಾದರೆ ಹೊಸದು ಹಾಕಿಸುವುದೇ ಒಳ್ಳೆಯದು.

ಮೇಲಿನ ಹೋಸ್ ಮತ್ತು ಕೆಳಗಿನ ಹೋಸ್ ಎರಡನ್ನೂ ಮುಟ್ಟಿ ನೋಡಿ. ಎಂಜಿನ್ ಕುದಿಯುವಂತಿದ್ದು ಮೇಲಿನ ಹೋಸ್ ಇನ್ನೂ ಬೆಚ್ಚಗಷ್ಟೇ ಇದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ. ಸಾಮಾನ್ಯವಾಗಿ 82ರಿಂದ 88 ಡಿಗ್ರಿಯಲ್ಲಿ ತೆರೆಯಬೇಕಾದ ಸಣ್ಣ ಕವಾಟ ಅದು. ಬಿಚ್ಚಿ ಪಾತ್ರೆಯ ನೀರಿನಲ್ಲಿ ಹಾಕಿ ಕುದಿಸಿದರೆ ಕಣ್ಣೆದುರೇ ತೆರೆಯಬೇಕು. ತೆರೆಯದಿದ್ದರೆ ಬದಲಿಸಿ. ನಮ್ಮಲ್ಲಿ ಎಷ್ಟೋ ಮೆಕ್ಯಾನಿಕ್‌ಗಳು ಅದನ್ನು ಕಿತ್ತುಹಾಕಿ ಖಾಲಿ ಬಿಡುತ್ತಾರೆ, ‘ಸೆಕೆಯ ಊರಿಗೆ ಅದು ಬೇಡ’ ಎನ್ನುತ್ತಾರೆ. ಅದನ್ನು ಒಪ್ಪಬೇಡಿ. ಎಂಜಿನ್ ಬೇಗ ಹದಕ್ಕೆ ಬರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಇದೇ ಕವಾಟ. ಅದಿಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೇ ಹೋಗದೆ ಸುತ್ತುತ್ತದೆ, ಘಾಟಿಯಲ್ಲಿ ಅದೇ ಮುಳುವಾಗುತ್ತದೆ.

ಕೆಳಗಿನ ಹೋಸ್ ಮೆತ್ತಗಾಗಿದ್ದರೆ ಎಂಜಿನ್ ಜೋರಾಗಿ ತಿರುಗುವಾಗ ಪಂಪಿನ ಎಳೆತಕ್ಕೆ ಒಳಕ್ಕೆ ಅಂಟಿಕೊಂಡು ನೀರಿನ ದಾರಿ ಕಟ್ಟುತ್ತದೆ. ಬಾನೆಟ್ ತೆರೆದು ಇನ್ನೊಬ್ಬರಿಂದ ಆಕ್ಸಲರೇಟರ್ ಒತ್ತಿಸಿ ನೋಡಿದರೆ ಕಾಣುತ್ತದೆ. ಓಮ್ನಿಯಲ್ಲಿ ಎಂಜಿನ್ ಇರುವುದು ಸೀಟಿನ ಕೆಳಗೆ. ಸೀಟು ಎತ್ತದೆ ಇದೊಂದೂ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಓಮ್ನಿಯವರು ಹೊರಡುವ ಮೊದಲೇ ಸೀಟು ಎತ್ತಿ ನೋಡಬೇಕು.

ತೇನಿ ಪೇಟೆಯಲ್ಲಿ ಕಾದರೆ

ತೇನಿಯ ಪೇಟೆ ದಾಟುವಾಗಲೋ, ಮೇ ತಿಂಗಳಲ್ಲಿ ವೀರಪಾಂಡಿಯ ಗೌಮಾರಿಯಮ್ಮನ ಜಾತ್ರೆಯ ದಟ್ಟಣೆಯಲ್ಲೋ ನಿಂತು ನಿಂತು ಹೋಗುವಾಗ ಮಾತ್ರ ಕಾದು, ಊರು ದಾಟಿದೊಡನೆ ತಣ್ಣಗಾದರೆ ಫ್ಯಾನ್ ನೋಡಿ. ಮಾರುತಿ 800ರಂಥ ಕಾರಿನಲ್ಲಿ ಅದು ಕರೆಂಟಿನ ಫ್ಯಾನ್, ನೀರು ಸುಮಾರು 92ರಿಂದ 98 ಡಿಗ್ರಿ ಮುಟ್ಟಿದಾಗ ಥರ್ಮೋ ಸ್ವಿಚ್ ಅದನ್ನು ಓಡಿಸುತ್ತದೆ. ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ. ಎರಡೂ ಸರಿಯಿದ್ದರೆ ಎರಡು ತಂತಿಯ ಸ್ವಿಚ್ಚಿನ ಕನೆಕ್ಟರ್ ಕಳಚಿ ಎರಡೂ ತುದಿಯನ್ನು ತುಂಡು ತಂತಿಯಿಂದ ಕೂಡಿಸಿ. ಫ್ಯಾನ್ ತಿರುಗಿದರೆ ಸ್ವಿಚ್ ಸತ್ತಿದೆ, ತಿರುಗದಿದ್ದರೆ ಮೋಟಾರು. ಆ ತುಂಡು ತಂತಿಯನ್ನು ಹಾಗೆಯೇ ಬಿಟ್ಟು, ಫ್ಯಾನ್ ಸದಾ ಓಡುವಂತೆ ಮಾಡಿಕೊಂಡು ಊರು ಸೇರಬಹುದು. ಎಂಜಿನ್ ಆಫ್ ಮಾಡಿದಾಗ ಬಿಚ್ಚಿದರಾಯಿತು. ಫ್ಯಾನ್ ತಿರುಗಿದರೂ ಸೋಮಾರಿಯಾಗಿ ತಿರುಗುತ್ತಿದ್ದರೆ ಬ್ರಷ್ ಸವೆದಿದೆ ಎಂದು ತಿಳಿಯಿರಿ.

ಅಂಬಾಸಡರ್, ಪದ್ಮಿನಿ, ಜೀಪುಗಳಲ್ಲಿ ಫ್ಯಾನ್ ಓಡುವುದು ಬೆಲ್ಟಿನಿಂದ. ಬೆಲ್ಟಿನ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚಿನಷ್ಟು ತಗ್ಗಬೇಕು. ಅದಕ್ಕಿಂತ ಹೆಚ್ಚು ತಗ್ಗಿದರೆ ಬೆಲ್ಟ್ ಜಾರುತ್ತದೆ. ಬಹುಪಾಲು ಹಳೆ ಗಾಡಿಗಳಲ್ಲಿ ವಾಟರ್ ಪಂಪನ್ನೂ ಆಲ್ಟರ್ನೇಟರನ್ನೂ ತಿರುಗಿಸುವುದು ಒಂದೇ ಬೆಲ್ಟ್. ಆದ್ದರಿಂದ ಓಡುತ್ತಿರುವಾಗ ಮೀಟರ್ ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿದರೆ ‘ಚಾರ್ಜಿಂಗ್ ತೊಂದರೆ, ಊರಿಗೆ ಹೋಗಿ ನೋಡೋಣ’ ಎನ್ನಬೇಡಿ. ಬೆಲ್ಟ್ ತುಂಡಾಗಿದ್ದರೆ ನೀರೂ ನಿಂತಿದೆ, ಕೆಲವೇ ನಿಮಿಷದಲ್ಲಿ ಎಂಜಿನ್ ಕೆಡುತ್ತದೆ. ಡಿಕ್ಕಿಯಲ್ಲಿ ಒಂದು ಹೊಸ ಬೆಲ್ಟ್ ಇಟ್ಟುಕೊಳ್ಳುವುದು ದುಬಾರಿಯಲ್ಲ. ವಾಟರ್ ಪಂಪಿನ ಅಡಿಯಲ್ಲಿ ಸಣ್ಣ ತೂತಿದೆ, ಅದರಿಂದ ತೊಟ್ಟಿಕ್ಕುತ್ತಿದ್ದರೆ ಒಳಗಿನ ಸೀಲ್ ಹೋಗಿದೆ. ಆ ತೂತನ್ನು ಎಂ-ಸೀಲ್‌ನಿಂದ ಮುಚ್ಚಿಸಿಕೊಂಡವರನ್ನು ಕಂಡಿದ್ದೇನೆ. ಹಾಗೆ ಮಾಡಿದರೆ ನೀರು ಬೇರಿಂಗಿಗೆ ಇಳಿದು ಪಂಪೇ ಹಿಡಿದುಕೊಳ್ಳುತ್ತದೆ.

ಘಾಟಿಯಲ್ಲಿ ಕಾದರೆ

ಬಯಲು ಪೇಟೆ ಎರಡರಲ್ಲೂ ಸುಮ್ಮನಿದ್ದು, ಕುಮಳಿ ಘಾಟಿಯಲ್ಲೋ ಮುನ್ನಾರ್ ದಾರಿಯ ಬೋಡಿಮೆಟ್ಟಿನಲ್ಲೋ ಕುದಿಯುವ ಕಾರಿನಲ್ಲಿ ಮೊದಲು ನೋಡಬೇಕಾದದ್ದು ರೇಡಿಯೇಟರ್ ಕ್ಯಾಪ್. ಯಾರೂ ಬದಲಿಸದ, ಆದರೆ ಬದಲಿಸಲು ಅತ್ಯಂತ ಅಗ್ಗದ ಭಾಗ ಇದು. ಪ್ರೆಷರ್ ಕುಕ್ಕರಿನ ವೆಯ್ಟಿನಂತೆ ಇದರ ಸ್ಪ್ರಿಂಗ್ ಒಳಗಿನ ನೀರನ್ನು ಒತ್ತಿ ಹಿಡಿಯುತ್ತದೆ. 0.9 ಎಂದು ಬರೆದ ಕ್ಯಾಪ್ ಗಟ್ಟಿಯಾಗಿದ್ದರೆ ನೀರು ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ರಬ್ಬರ್ ಒಡೆದು ಸ್ಪ್ರಿಂಗ್ ಸೋತಿದ್ದರೆ ಆ ರಕ್ಷಣೆಯೆಲ್ಲ ಹೋಯಿತು. ಅದರ ಮೇಲೆ ಎತ್ತರದ ಲೆಕ್ಕ ಬೇರೆ. ತೆರೆದ ಪಾತ್ರೆಯಲ್ಲಿ ನೀರು ಸುಮಾರು 900 ಮೀಟರ್ ಎತ್ತರದ ಕುಮಳಿಯಲ್ಲಿ 97 ಡಿಗ್ರಿಗೇ ಕುದಿಯುತ್ತದೆ, 2,100 ಮೀಟರ್ ಎತ್ತರದ ಕೊಡೈಕೆನಾಲಿನಲ್ಲಿ 93ಕ್ಕೆ. ಕ್ಯಾಪ್ ಸೋತ ಕಾರಿನಲ್ಲಿ ಫ್ಯಾನ್ ಚಾಲೂ ಆಗುವ ಹೊತ್ತಿಗೇ ನೀರು ಕುದಿಯಲು ಶುರುವಾಗಿರುತ್ತದೆ.

ಹೊಸ ಕ್ಯಾಪ್ ಕೊಳ್ಳುವಾಗ ಹಳೆಯದರ ಮೇಲಿನ ಅಂಕಿಯನ್ನೇ ನೋಡಿ ಕೊಳ್ಳಿ. ಅಂಬಾಸಡರಿನಂಥ ಹಿಂದಿನ ಕಾಲದ ವಿನ್ಯಾಸಕ್ಕೆ ಒತ್ತಡ ಕಡಿಮೆ ಸಾಕು, ಹೆಚ್ಚಿನದನ್ನು ಹಾಕಿದರೆ ರೇಡಿಯೇಟರಿನ ಬೆಸುಗೆ ಬಿಡುತ್ತದೆ.

ಕೂಲಂಟ್ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ‘ಪೂರ್ತಿ ಕೂಲಂಟ್ ಹಾಕಿಸಿದ್ದೇನೆ, ಒಂದು ಹನಿ ನೀರು ಸೇರಿಸಿಲ್ಲ’ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಶಾಖ ಹೊರುವುದರಲ್ಲಿ ನೀರಿಗೆ ಸಮ ಇಲ್ಲ. ಕೂಲಂಟ್ ಕುದಿಯುವ ಬಿಂದುವನ್ನು ಮೇಲಕ್ಕೆ ಒಯ್ಯುತ್ತದೆ, ತುಕ್ಕು ತಡೆಯುತ್ತದೆ. ಅರ್ಧಕ್ಕರ್ಧ ಬೆರೆಸಿದರೆ ಎರಡರ ಗುಣವೂ ಸಿಗುತ್ತದೆ. ಬೆರೆಸಲು ಡಿಸ್ಟಿಲ್ಡ್ ನೀರು ಬಳಸಿ. ಬೆರೆಸಿಯೇ ಮಾರುವ ಡಬ್ಬಿಯಾದರೆ ಹಾಗೆಯೇ ಸುರಿಯಿರಿ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬಸಿದು ಹೊಸದು ತುಂಬಿಸಿ, ಬೇರೆ ಬೇರೆ ಬಗೆಯದನ್ನು ಒಂದರೊಳಗೊಂದು ಸೇರಿಸಬೇಡಿ.

ಘಾಟಿಯಲ್ಲಿ ಇನ್ನೊಂದು ಬಗೆಯ ತೊಂದರೆ ಇದೆ, ನೋಡಲು ಕಾದಂತೆಯೇ ಇರುತ್ತದೆ. ಮುಳ್ಳು ನಡುವಿನಲ್ಲಿದೆ, ಆವಿಯಿಲ್ಲ, ಆದರೆ ಎಂಜಿನ್ ಎಳೆಯದೆ ಸಾಯುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಕಾರ್ಬ್ಯುರೇಟರ್ ಇರುವ ಹಳೆ ಗಾಡಿಗಳಲ್ಲಿ ಎಂಜಿನ್ ಶಾಖಕ್ಕೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪಂಪಿಗೆ ಸಿಗುವುದಿಲ್ಲ. ಪೆಟ್ರೋಲ್ ಪಂಪು, ಪೈಪಿನ ಮೇಲೆ ಒದ್ದೆ ಬಟ್ಟೆ ಸುತ್ತಿದರೆ ಬೇಗ ಸರಿಹೋಗುತ್ತದೆ. ಈಗ ಬಂಕಿನಲ್ಲಿ ಸಿಗುವ, ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲಿನಿಂದ ಹಳೆ ಕಾರ್ಬ್ಯುರೇಟರಿನ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಇನ್ನಷ್ಟು ಬಿಸಿಯಾಗುತ್ತದೆ. ಹೊರಡುವ ಮೊದಲು ಕಾರ್ಬ್ಯುರೇಟರನ್ನೂ ಟೈಮಿಂಗನ್ನೂ ತಿಳಿದವರಿಂದ ಸರಿಮಾಡಿಸಿ, ಪೆಟ್ರೋಲಿನ ರಬ್ಬರ್ ಪೈಪುಗಳನ್ನು ಬದಲಿಸಿ.

ನಡುದಾರಿಯಲ್ಲಿ ಮುಳ್ಳು ಕೆಂಪಿಗೆ ಬಂದಾಗ

ಮೊದಲು ಎ.ಸಿ. ಆಫ್ ಮಾಡಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಇಡಿ, ಕಿಟಕಿ ಇಳಿಸಿ. ಒಳಗೆ ಕೂತವರಿಗೆ ಕಷ್ಟ ನಿಜ, ಆದರೆ ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರೇ. ತಿರುವಿನಲ್ಲಿ ನಿಲ್ಲಬೇಡಿ, ಜಾಗ ಅಗಲವಾದ ಕಡೆ ಪಕ್ಕಕ್ಕೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಆವಿ ಬರುತ್ತಿಲ್ಲ, ಬೆಲ್ಟ್ ಇದೆ, ನೀರು ಸೋರುತ್ತಿಲ್ಲ ಎಂದಾದರೆ ಎಂಜಿನನ್ನು ಒಂದೆರಡು ನಿಮಿಷ ನ್ಯೂಟ್ರಲ್‌ನಲ್ಲಿ ಓಡಲು ಬಿಡಿ, ಮುಳ್ಳು ಇಳಿಯುತ್ತದೆ. ಆವಿ ಏಳುತ್ತಿದ್ದರೆ, ಇಲ್ಲವೇ ನೀರು ಚೆಲ್ಲುತ್ತಿದ್ದರೆ ಆ ಕ್ಷಣವೇ ಆಫ್ ಮಾಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇನಿ ಬಯಲಿನಲ್ಲಿ ಪಶ್ಚಿಮದ ಗಾಳಿ ಜೋರಾಗಿ ಬೀಸುತ್ತದೆ. ಆ ಕಾಲದಲ್ಲಿ ಬಯಲಿನಲ್ಲಿ ನಿಂತರೆ ಕಾರಿನ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ.

ಬಿಸಿ ಎಂಜಿನ್ನಿನ ರೇಡಿಯೇಟರ್ ಕ್ಯಾಪನ್ನು ಕನಿಷ್ಠ ಮುಕ್ಕಾಲು ಗಂಟೆ ಮುಟ್ಟಬೇಡಿ. ಒಳಗಿನ ನೀರು ನೂರು ಡಿಗ್ರಿ ದಾಟಿರುತ್ತದೆ. ಕ್ಯಾಪ್ ಸಡಿಲವಾದ ಕ್ಷಣ ಆವಿಯೂ ಕುದಿನೀರೂ ಮುಖಕ್ಕೆ ನುಗ್ಗುತ್ತವೆ. ಹೀಗೆ ಮುಖ, ಎದೆ, ಕೈ ಬೆಂದವರಿದ್ದಾರೆ. ಹಿಂದೆ ಮಕ್ಕಳು ಕುತೂಹಲದಿಂದ ಬಂದು ನಿಂತಿರುತ್ತಾರೆ, ಅವರನ್ನು ದೂರ ಕಳಿಸಿ. ಮೇಲಿನ ಹೋಸನ್ನು ಬಟ್ಟೆ ಹಿಡಿದು ಹಿಸುಕಿದಾಗ ಮೆತ್ತಗಿದ್ದರೆ ಮಾತ್ರ, ದಪ್ಪ ಟವೆಲ್ ಹಾಕಿ ಕ್ಯಾಪನ್ನು ಮೊದಲ ತಡೆಯವರೆಗೆ ತಿರುಗಿಸಿ, ಸದ್ದು ನಿಂತ ಮೇಲೆ ತೆಗೆಯಿರಿ. ತಣ್ಣೀರನ್ನು ಒಮ್ಮೆಲೇ ಸುರಿಯಬೇಡಿ, ಎಂಜಿನ್ ಮೈಮೇಲಂತೂ ಬೇಡವೇ ಬೇಡ. ಅಲ್ಯೂಮಿನಿಯಂ ಹೆಡ್ ಬಾಗುತ್ತದೆ, ಬ್ಲಾಕ್ ಬಿರುಕು ಬಿಡುತ್ತದೆ. ಎಂಜಿನ್ ಓಡುತ್ತಿರುವಾಗ ಸ್ವಲ್ಪ ಸ್ವಲ್ಪವೇ ಹೊಯ್ಯಿರಿ. ಮೂತಿ ಏರಿನ ಕಡೆಗಿದ್ದು ಹೀಟರ್ ತೆರೆದಿದ್ದರೆ ಒಳಗೆ ಸಿಕ್ಕ ಗಾಳಿಯ ಗುಳ್ಳೆ ಹೊರಬರಲು ಸುಲಭ. ಆಪತ್ತಿನಲ್ಲಿ ಕುಡಿಯುವ ನೀರಿನ ಬಾಟಲಿ ಸಾಕು, ಊರು ಸೇರಿದ ಮೇಲೆ ಬಸಿದು ಕೂಲಂಟ್ ತುಂಬಿಸಿ. ಸಣ್ಣ ತೂತಿಗೆ ಅರಿಸಿನ ಪುಡಿ ಹಾಕುವ ಲಾರಿ ಚಾಲಕರ ಉಪಾಯ ಕೆಲವು ಸಲ ಸೋರುವುದನ್ನು ನಿಲ್ಲಿಸುತ್ತದೆ. ಆದರೆ ಅದು ರೇಡಿಯೇಟರಿನ ಕೊಳವೆಗಳನ್ನೂ ಕಟ್ಟುತ್ತದೆ, ಬೇರೆ ಗತಿಯಿಲ್ಲದಾಗ ಮಾತ್ರ.

ಮುಳ್ಳನ್ನು ಪೂರ್ತಿ ನಂಬಬೇಡಿ. ನೀರೆಲ್ಲ ಹೊರಟುಹೋಗಿ ಸೆನ್ಸರ್ ಬರೀ ಆವಿಯಲ್ಲಿ ನಿಂತಾಗ ಮುಳ್ಳು ಕೆಳಗೆ ಬೀಳಬಹುದು. ಏರಿದ್ದ ಮುಳ್ಳು ಕಾರಣವಿಲ್ಲದೆ ಥಟ್ಟನೆ ಇಳಿದು, ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಗಂಡಾಂತರ ಕಳೆಯಿತು ಎಂದುಕೊಳ್ಳದೆ ನಿಲ್ಲಿಸಿ.

ಶಬರಿಮಲೆ ಕಾಲದಲ್ಲಿ ದಟ್ಟಣೆ ಹೆಚ್ಚಿದಾಗ ಪೊಲೀಸರು ಹೋಗುವ ಗಾಡಿಗಳನ್ನು ಕಂಬಂನಿಂದ ಕಂಬಂಮೆಟ್ಟಿನ ಕಡೆಗೆ ತಿರುಗಿಸಿ, ಬರುವವನ್ನು ಕುಮಳಿ ಘಾಟಿಯಲ್ಲಿ ಇಳಿಸುವುದುಂಟು. ಯಾವ ದಾರಿಯಾದರೂ ಏರಿನ ಬುಡದಲ್ಲಿ ಹತ್ತು ನಿಮಿಷ ನಿಲ್ಲಿ. ಕುಮಳಿ ದಾರಿಯಲ್ಲಿ ಲೋವರ್ ಕ್ಯಾಂಪ್ ಅದಕ್ಕೆ ತಕ್ಕ ಜಾಗ. 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟೆಯ ನೀರು ಬೆಟ್ಟ ಕೊರೆದ ಸುರಂಗ ಹಾದು ಬಂದು ವಿದ್ಯುತ್ ಕೊಡುವುದು ಇಲ್ಲೇ, ಅದನ್ನು ಕಟ್ಟಿಸಿದ ಪೆನ್ನಿಕ್ವಿಕ್‌ನ ಸ್ಮಾರಕ ಮಂಟಪವೂ ಇಲ್ಲಿದೆ. ಮಂಟಪ ನೋಡಿ ಬರುವಷ್ಟರಲ್ಲಿ ಕಾರಿನಡಿ ನೀರು ತೊಟ್ಟಿಕ್ಕಿದೆಯೇ, ರಿಸರ್ವ್ ಡಬ್ಬಿಯ ಮಟ್ಟ ಎಷ್ಟಿದೆ ಎಂಬುದು ಕಂಡುಬಿಡುತ್ತದೆ. ಹತ್ತುವಾಗ ಮೂರನೇ ಗೇರಿನಲ್ಲಿ ಎಂಜಿನನ್ನು ನರಳಿಸದೆ ಎರಡಕ್ಕೆ ಇಳಿಸಿ. ಪಂಪು ಹೆಚ್ಚು ತಿರುಗಿ ನೀರು ಚೆನ್ನಾಗಿ ಓಡುತ್ತದೆ. ಮೇಲೆ ತಲುಪಿದೊಡನೆ ಆಫ್ ಮಾಡದೆ ಒಂದು ನಿಮಿಷ ಹಾಗೇ ಓಡಲು ಬಿಡಿ. ಇಳಿಯುವಾಗ ಮಾತ್ರ, ಎಂಜಿನ್ ತಣ್ಣಗಾಗಲಿ ಎಂದು ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವ ಕೆಲಸ ಯಾವ ಕಾರಣಕ್ಕೂ ಬೇಡ. ಬ್ರೇಕಿನ ಬೂಸ್ಟರ್ ಸಾಯುತ್ತದೆ.

ನೀರು ಎಲ್ಲಿಗೆ ಹೋಗುತ್ತಿದೆ?

ನೆಲಕ್ಕೆ ಒಂದು ಹನಿ ಬಿದ್ದಿಲ್ಲ, ಆದರೂ ದಿನಾ ನೀರು ಕಡಿಮೆಯಾಗುತ್ತಿದೆ ಎಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದಾಗ ರೇಡಿಯೇಟರಿನಲ್ಲಿ ಗುಳ್ಳೆಗಳು ಏಳುತ್ತಲೇ ಇರುವುದು, ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆತ ಕಾಫಿ ಬಣ್ಣದ ಜಿಡ್ಡು, ಇವು ಅದರ ಗುರುತುಗಳು. ಜಿಡ್ಡೊಂದೇ ಇದ್ದರೆ ಗಾಬರಿ ಬೇಡ, ಬರೀ ಹತ್ತಿರದ ಓಡಾಟದ ಕಾರುಗಳಲ್ಲೂ ತೇವದಿಂದ ಬರುತ್ತದೆ. ಎರಡು ಮೂರು ಒಟ್ಟಿಗೆ ಕಂಡರೆ ಸಂಶಯ ಬೇಡ.

ಗ್ಯಾಸ್ಕೆಟ್ ಬದಲಿಸಲು ಹೆಡ್ ಇಳಿಸಿದಾಗ ಅದರ ಸಮತಟ್ಟನ್ನು ಸ್ಟ್ರೈಟ್ ಎಡ್ಜ್ ಮತ್ತು ಫೀಲರ್ ಗೇಜ್ ಇಟ್ಟು ನಿಮ್ಮೆದುರೇ ಅಳೆಯಲು ಹೇಳಿ. ಕೂದಲೆಳೆಯಷ್ಟು ಬಾಗಿದ್ದರೂ ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸದೆ ಹೊಸ ಗ್ಯಾಸ್ಕೆಟ್ ಕೂಡಿಸಿದರೆ ಮತ್ತೆ ಹೋಗುತ್ತದೆ. ದಿಂಡಿಗಲ್, ತೇನಿ ಎರಡು ಊರುಗಳಲ್ಲೂ ಈ ಕೆಲಸ ಆಗುತ್ತದೆ. ಆದರೆ ಒಂದೆರಡು ದಿನದ ಕೆಲಸ ಇದು, ಅವಸರಪಡಿಸಬೇಡಿ.

ಯಾತ್ರೆಗೆ ಹೊರಡುವ ವಾರದ ಮುಂಚೆ ಕ್ಯಾಪ್, ಬೆಲ್ಟ್, ಎರಡೂ ಹೋಸ್ ಬದಲಿಸಿ, ಫ್ಯಾನ್ ತಿರುಗುವುದನ್ನು ಕಣ್ಣಾರೆ ನೋಡಿ, ಐದು ಲೀಟರ್ ಒಳ್ಳೆಯ ನೀರು ಡಿಕ್ಕಿಯಲ್ಲಿಡಿ. ಇಷ್ಟೆಲ್ಲ ಮಾಡಿಯೂ ಕಣಿವೆಯಲ್ಲಿ ಹೆಡ್ ಗ್ಯಾಸ್ಕೆಟ್ಟಿನ ಗುರುತು ಕಂಡರೆ ಆ ಕಾರನ್ನು ಘಾಟಿ ಹತ್ತಿಸಬೇಡಿ. ಕಂಬಂನಲ್ಲೇ ಒಬ್ಬ ಮೆಕ್ಯಾನಿಕ್ ಬಳಿ ಬಿಟ್ಟು ಮುಂದಕ್ಕೆ ಹೋಗಿ. ಅಲ್ಲಿಂದ ಕುಮಳಿಗೆ ದಿನವಿಡೀ ಬಸ್ಸುಗಳಿವೆ.